ತಪ್ಪಲೆಯ ಒಳಮೈ

ತಪ್ಪಲೆಯ ಒಳಮೈಯನ್ನು ಬೆಳಗಬಾರದು. ಹೊರಮೈಯನ್ನು ಬೇಕಾದಷ್ಟು ಬೆಳಗಿ. ಹುಣಸೆಹಣ್ಣು ಹಾಕಿ, ಬೂದಿ ಹಾಕಿ, ತೆಂಗಿನ ನಾರು ಸವೆಯುವವರೆಗೆ ಉಜ್ಜಿ ಮುಖ ಕಾಣುವಂತೆ ಮಾಡಿ. ಒಳಗೆ ಮಾತ್ರ ಕೈ ಹಾಕಬೇಡಿ.

ಮೊನ್ನೆ ಮನೆಗೆ ಬಂದಿದ್ದ ಸಂಬಂಧಿಕಳೊಬ್ಬಳು ಅಡುಗೆಮನೆಯ ಮೂಲೆಯಲ್ಲಿದ್ದ ನನ್ನ ಹಿತ್ತಾಳೆ ತಪ್ಪಲೆಯೊಳಗೆ ಇಣುಕಿ, "ಅಯ್ಯೋ, ಇಷ್ಟು ಒಳ್ಳೆ ಪಾತ್ರೆ, ಒಳಗೆ ಹಿಂಗ್ಯಾಕೆ ಮಂಕು ಹಿಡಿಸಿದೀಯ? ಒಂದು ನಿಂಬೆಹಣ್ಣು ಕೊಡು, ಐದು ನಿಮಿಷ" ಎಂದಳು. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ. ಅವಳಿಗೆ ನೋವಾಯಿತೇನೋ. ಅವಳಿಗೆ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ತಕರಾರು. ಅವ್ವನ ಕೈರುಚಿಯನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವವರ ಸಾಲಿನಲ್ಲಿ ನನ್ನನ್ನು ಕೂರಿಸಬೇಡಿ. ನಮ್ಮವ್ವ ಮಾಡುತ್ತಿದ್ದ ಟೊಮ್ಯಾಟೊ ಸಾಸ್ ಹೇಗಿತ್ತೆಂದು ನನಗೆ ಈಗ ಸರಿಯಾಗಿ ನೆನಪಿಲ್ಲ. ನಾಲಿಗೆಯ ನೆನಪನ್ನು ನಾನು ನಂಬುವುದೂ ಇಲ್ಲ, ಅದು ಬೇಕಾದ ಕಡೆ ಸಕ್ಕರೆ ಬೆರೆಸುತ್ತದೆ. ಅವಳು ಪಾತ್ರೆ ಪಡಗವನ್ನು ಕಾಪಾಡಿಕೊಂಡ ಬಗೆ ನೆನಪಿದೆ. ಅದನ್ನು ಬರೆಯುತ್ತೇನೆ. ಅದರಲ್ಲೂ ಕೆಲವು ಕಡೆ ನನ್ನ ತಂಗಿ ಅಡ್ಡ ಬರುತ್ತಾಳೆ. ಬರಲಿ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾವು ಪಾಂಡವಪುರದಲ್ಲಿದ್ದೆವು. ಅಪ್ಪನಿಗೆ ಊರಲ್ಲೇ ಗುಮಾಸ್ತೆ ಕೆಲಸ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ಪಿಯುಸಿ ಓದುತ್ತಿದ್ದ ನಾನು, ನನ್ನ ತಂಗಿ. ತಪ್ಪಲೆ ಅಜ್ಜಿಯದು. ಅವಳ ತವರು ನಾಗಮಂಗಲ. ಅಲ್ಲಿನ ಹಿತ್ತಾಳೆ ಕೆಲಸದವರ ಹತ್ತಿರ ಅವಳ ಅಪ್ಪ ಹೇಳಿ ಮಾಡಿಸಿ, ಮದುವೆಯಲ್ಲಿ ಕೊಟ್ಟ ಪಾತ್ರೆ. ಅಗಲ ಬಾಯಿ, ದಪ್ಪ ತಳ, ಎರಡು ಕಡೆ ಹಿಡಿ. ತಂಗಿ ಮಗುವಾಗಿದ್ದಾಗ ಅದರೊಳಗೆ ಕೂರಿಸಿ ನೀರು ಹಾಕುತ್ತಿದ್ದರು ಎಂಬುದು ನನ್ನ ನೆನಪು. ಹಾಗೆ ಕೂತವಳು ನೀನು ಎನ್ನುವುದು ತಂಗಿಯ ವಾದ. ಅದೊಂದನ್ನು ಬಿಟ್ಟರೆ ಆ ಪಾತ್ರೆಯಲ್ಲಿ ಅನ್ನ ಮತ್ತು ಪಾಯಸ ಬಿಟ್ಟು ಬೇರೇನೂ ಬೆಂದಿರಲಿಲ್ಲ. ಹುಳಿ ಪದಾರ್ಥಕ್ಕೆ ಮಣ್ಣಿನ ಮಡಕೆ, ಹಿತ್ತಾಳೆಗೆ ಸಿಹಿ ಎಂಬುದು ಅಜ್ಜಿಯ ನಿಯಮ. ಅವಳ ಹಿತ್ತಾಳೆ ಒಳಗೂ ಹೊರಗೂ ಒಂದೇ ಬಣ್ಣಕ್ಕೆ ಹೊಳೆಯುತ್ತಿತ್ತು. ಬೀದಿಯ ಹೆಂಗಸರು ಹಬ್ಬದ ದಿನ ಅದನ್ನು ನೋಡಲೆಂದೇ ಬರುತ್ತಿದ್ದರು ಎಂದು ಅಜ್ಜಿ ಹೇಳುತ್ತಿದ್ದಳು.

ಅವ್ವನ ಊರು ಕೆ.ಆರ್. ಪೇಟೆ ಕಡೆ, ಗೋವಿಂದನಹಳ್ಳಿ ದಾಟಿ ಒಳಗೆ. ಅವಳ ತಮ್ಮ ಟೊಮ್ಯಾಟೊ ಬೆಳೆಯುತ್ತಿದ್ದ. ಮಾರಿ ಉಳಿದದ್ದನ್ನು ಮಂಕರಿಯಲ್ಲಿ ತುಂಬಿ ಬಸ್ಸಿನ ಟಾಪಿಗೆ ಹಾಕಿ ಕಳಿಸುತ್ತಿದ್ದ. ಮಂಕರಿ ನಮ್ಮ ಮನೆ ಸೇರುವ ಹೊತ್ತಿಗೆ ಕೆಳಗಿನ ಹಣ್ಣು ರಸವಾಗಿ ಸೋರುತ್ತಿರುತ್ತಿತ್ತು. ಒಂದು ವರ್ಷ ಅವ್ವ, ಹಣ್ಣು ತರಕಾರಿ ಕೆಡದಂತೆ ಇಡುವುದನ್ನು ಹೆಂಗಸರಿಗೆ ಕಲಿಸುವ ತರಬೇತಿಗೆ ಹೋಗಿ ಸಾಸ್ ಮಾಡುವುದನ್ನು ಕಲಿತು ಬಂದಳು. ಅಲ್ಲಿ ಸ್ಟೀಲ್ ಪಾತ್ರೆಯಲ್ಲಿ ಮಾಡಿ ತೋರಿಸಿದ್ದರಂತೆ. ನಮ್ಮ ಮನೆಯ ಸ್ಟೀಲ್ ಪಾತ್ರೆಗಳು ತೆಳ್ಳಗೆ, ಸಾಸ್ ಗಟ್ಟಿಯಾಗುವಷ್ಟರಲ್ಲಿ ತಳ ಹಿಡಿದು ಸೀಯುತ್ತಿತ್ತು. ಅಲ್ಯೂಮಿನಿಯಂ ಪಾತ್ರೆ ಕಪ್ಪಗಾಗುತ್ತಿತ್ತು. ಉಳಿದದ್ದು ಅಜ್ಜಿಯ ತಪ್ಪಲೆ.

ಹಿತ್ತಾಳೆಗೆ ಹುಳಿ ಆಗದು ಎಂದು ಅವ್ವನಿಗೂ ಗೊತ್ತಿತ್ತು. ಅದಕ್ಕೇ ಕಲಾಯಿ. ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರ ಕರಗಿಸಿ, ಹತ್ತಿಯ ಉಂಡೆಯಿಂದ ಒಳಗೆಲ್ಲ ಸವರುತ್ತಾರೆ. ಹುಳಿ ಆಮೇಲೆ ತವರಕ್ಕೆ ತಾಕುತ್ತದೆ, ಹಿತ್ತಾಳೆಗೆ ತಾಕುವುದಿಲ್ಲ. ಶ್ರೀರಂಗಪಟ್ಟಣದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಕಲಾಯಿ ಸಾಬರು ನಮ್ಮ ಬೀದಿಯ ಕೊನೆಯಲ್ಲಿ ಗುಂಡಿ ತೋಡಿ, ತಿದಿ ಒತ್ತಿ ಬೆಂಕಿ ಮಾಡಿಕೊಂಡು ತಪ್ಪಲೆಗೆ ಕಲಾಯಿ ಹಾಕಿಕೊಟ್ಟರು. ಒಳಗೆ ಬೆಳ್ಳಿ ಹೊಳೆದಂತೆ ಹೊಳೆಯಿತು. ಅಜ್ಜಿ ಜಗುಲಿಯಿಂದಲೇ ನೋಡಿದಳು.

"ಬಂಗಾರ್ದಂಗಿರೋ ಪಾತ್ರೆಗೆ ಸುಣ್ಣ ಬಳ್ಸವ್ಳೆ" ಎಂದಳು, ಯಾರಿಗೂ ಹೇಳದಂತೆ, ಎಲ್ಲರಿಗೂ ಕೇಳುವಂತೆ.

ಸಾಸಿಗೆ ತಪ್ಪಲೆ ಒಂದೇ ಸಾಲದು. ಗುಜರಿಯಿಂದ ಬಾಟಲಿಗಳು ಬಂದವು. ಅವುಗಳಲ್ಲಿ ಮುಕ್ಕಾಲು ಪಾಲು ಬಿಯರ್ ಬಾಟಲಿಗಳೇ.

"ಏನಮ್ಮಿ, ಯೆಂಡದಂಗ್ಡಿ ಮಡಗ್ತಾ ಇದ್ದೀಯಾ ಮನೇಲಿ?" ಎಂದು ಅಜ್ಜಿ ಕೇಳಿದಳು.

"ಕುಡ್ದವ್ರು ಕುಡ್ದು ವೋದ್ರು ಅತ್ತೆ. ಬಾಟ್ಲಿ ಏನ್ ಮಾಡ್ತು ಪಾಪ?"

ಬಾಟಲಿಯೊಳಗೆ ಅಕ್ಕಿ ನುಚ್ಚು, ಸೋಡ ಪುಡಿ, ಬಿಸಿನೀರು ಹಾಕಿ ಕುಲುಕುವುದು ನನ್ನ ಮತ್ತು ತಂಗಿಯ ಕೆಲಸ. ಮೂಗಿಟ್ಟು ನೋಡಿ ವಾಸನೆ ಇದ್ದರೆ ಮತ್ತೆ ಕುಲುಕಬೇಕು. ಬಾಟಲಿಗೆ ಮುಚ್ಚಳ ಒತ್ತುವ ಕಬ್ಬಿಣದ ಕೈಯಂತ್ರವನ್ನು ಅವ್ವ ಗೋಡೆಗೆ ನೇತುಹಾಕುತ್ತಿದ್ದಳು. ಅದರ ಕೀಲಿಗೆ ಹರಳೆಣ್ಣೆ ಸವರುತ್ತಿದ್ದಳು. ಸೈಕಲ್ ಅಂಗಡಿಯ ಎಣ್ಣೆ ಸವರಿದರೆ ಅದರ ವಾಸನೆ ಮುಚ್ಚಳಕ್ಕೆ ಹತ್ತುತ್ತದೆ. ಮರದ ಸೌಟನ್ನು ನೆರಳಿನಲ್ಲಿ ಒಣಗಿಸುತ್ತಿದ್ದಳು. ಬಿಸಿಲಿಗಿಟ್ಟರೆ ಸೀಳುತ್ತದೆ, ಸೀಳಿದ ಕಡೆ ಹಣ್ಣಿನ ಬೀಜ ಕೂತು ಕೊಳೆಯುತ್ತದೆ. ಜರಡಿಯ ಕಣ್ಣುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ತುಂಬಿದ ಬಾಟಲಿಗಳನ್ನು ಬಚ್ಚಲುಮನೆಯ ಹಂಡೆಯಲ್ಲಿ, ತಳಕ್ಕೆ ಗೋಣಿಚೀಲ ಹಾಸಿ, ಒಂದಕ್ಕೊಂದು ತಾಕದಂತೆ ನಿಲ್ಲಿಸಿ ಕುದಿಸುತ್ತಿದ್ದಳು. ಆ ದಿನ ಮನೆಯಲ್ಲಿ ಯಾರಿಗೂ ಬಿಸಿನೀರಿಲ್ಲ.

"ಇವತ್ತು ಸ್ನಾನ ಬಾಟ್ಲಿಗೋ ನನ್ಗೋ?" ಎಂದು ಅಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತು ಕೇಳಿದ.

"ಬಾಟ್ಲಿಗೆ. ನೀವು ನಾಲೆಗೆ ವೋಗಿ."

ಅಪ್ಪ ನಿಜವಾಗಿಯೂ ನಾಲೆಗೆ ಹೋದ.

ಮೊದಲ ಸಲದ ಸಾಸ್ ಚೆನ್ನಾಗಿಯೇ ಬಂದಿರಬೇಕು. ಬಸ್ ನಿಲ್ದಾಣದ ಹತ್ತಿರದ ಬೇಕರಿಯವನು ರುಚಿ ನೋಡಿ, ಪಫ್ಸಿಗೆ ಇಡುತ್ತೇನೆ, ಗೌರಿ ಹಬ್ಬದ ಹೊತ್ತಿಗೆ ಇನ್ನಷ್ಟು ಬೇಕು ಎಂದಿದ್ದ. ಅವ್ವ ತರುತ್ತೇನೆ ಎಂದಿದ್ದಳು. ನಮ್ಮ ಮನೆಯಲ್ಲಿ ಅವ್ವ ಹೊರಗಿನವರೊಬ್ಬರಿಗೆ ತನ್ನ ಕೆಲಸದ ಬಗ್ಗೆ ತಾನೇ ಮಾತು ಕೊಟ್ಟದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮನೆಗೆ ಬರುವ ದಾರಿಯಲ್ಲಿ ಅವಳು ಸೆರಗನ್ನು ಎರಡು ಸಲ ಸರಿ ಮಾಡಿಕೊಂಡಳು. ಸರಿಯಾಗಿಯೇ ಇತ್ತು ಸೆರಗು.

ಸಾಸ್ ಬೆಂದ ಮೇಲೆ ತವರ ಮಂಕಾಯಿತು. ಅದು ಸಹಜ. ಬೂದಿ ಬಣ್ಣಕ್ಕೆ ತಿರುಗಿದರೂ ತವರ ಅಲ್ಲೇ ಇರುತ್ತದೆ, ತನ್ನ ಕೆಲಸ ಮಾಡುತ್ತಿರುತ್ತದೆ. ಇದು ಅಜ್ಜಿಗೆ ಗೊತ್ತಿರಲಿಲ್ಲ. ಅವಳ ಕಣ್ಣಿಗೆ ಅದು ಕಿಟ್ಟ. ಟೊಮ್ಯಾಟೊ ಬೇಯಿಸಿ ಸೊಸೆ ಹತ್ತಿಸಿದ ಕಿಟ್ಟ.

ಗೌರಿ ಹಬ್ಬ ಹತ್ತಿರ ಬಂತು. ಹಬ್ಬಕ್ಕೆ ಮುಂಚೆ ಮನೆಯ ಹಿತ್ತಾಳೆಯೆಲ್ಲ ಅಟ್ಟದಿಂದ ಇಳಿಯಬೇಕು, ಹಿತ್ತಲಲ್ಲಿ ರಾಶಿಯಾಗಬೇಕು, ಹುಣಸೆಹಣ್ಣಿನಲ್ಲಿ ಮುಳುಗಿ ಏಳಬೇಕು. ಅವ್ವ ಟೊಮ್ಯಾಟೊ ತರಲು ತಮ್ಮನ ಊರಿಗೆ ಹೋಗಿದ್ದಳು. ಅಜ್ಜಿ ತಪ್ಪಲೆಯನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡು, ಹುಣಸೆ, ಉಪ್ಪು, ಇಟ್ಟಿಗೆ ಪುಡಿ ಹಾಕಿ ಒಳಗೂ ಹೊರಗೂ ಉಜ್ಜಿದಳು. ಮಧ್ಯಾಹ್ನವೆಲ್ಲ ಉಜ್ಜಿದಳು. ಬೂದಿ ಬಣ್ಣ ಹೋಗಿ ಹಳದಿ ಎದ್ದಿತು. ಜಗುಲಿಯಲ್ಲಿ ಬಿಸಿಲಿಗೆ ಮಗುಚಿ ಇಟ್ಟಳು. ದಾರಿಯಲ್ಲಿ ಹೋಗುವವರು ನಿಂತು ಹೊಗಳಿದರು. ಅವಳ ಬೆರಳ ತುದಿಗಳು ಸುಕ್ಕಾಗಿದ್ದವು. ಮುಖ ಮಾತ್ರ ಮದುವಣಗಿತ್ತಿಯ ಹಾಗಿತ್ತು.

ಮರುದಿನ ಬೆಳಿಗ್ಗೆ ಅವ್ವ ಅದೇ ತಪ್ಪಲೆಯಲ್ಲಿ ಟೊಮ್ಯಾಟೊ ಬೇಯಿಸಿದಳು.

ಇಲ್ಲಿ ತಂಗಿ ಅಡ್ಡ ಬರುತ್ತಾಳೆ. ಅವ್ವನಿಗೆ ಒಳಗಿನ ಹಳದಿ ಕಂಡಿತ್ತು, ಅತ್ತೆ ಮೊದಲ ಸಲ ತನ್ನ ಕೆಲಸಕ್ಕೆ ಕೈ ಜೋಡಿಸಿದ್ದಾರೆ ಎಂಬ ಸಂತೋಷದಲ್ಲಿ ಏನೂ ಯೋಚಿಸಲಿಲ್ಲ ಎನ್ನುತ್ತಾಳೆ. ನಾನು ಇದನ್ನು ಒಪ್ಪುವುದಿಲ್ಲ. ಇದು ತೀರಾ ಚೆಂದವಾಗಿದೆ. ನಮ್ಮ ಅಡುಗೆಮನೆಗೆ ಇದ್ದದ್ದು ಒಂದು ಗವಾಕ್ಷಿ. ಮಂಕರಿಯಲ್ಲಿ ಹಣ್ಣು ಕೊಳೆಯಲು ಶುರುವಾಗಿತ್ತು, ಹಬ್ಬ ತಲೆಯ ಮೇಲಿತ್ತು. ಅವಳಿಗೆ ನೋಡಲು ಪುರುಸೊತ್ತಿರಲಿಲ್ಲ, ಅಷ್ಟೇ. ಯಾರ ನೆನಪು ಸರಿ ಎಂದು ತೀರ್ಮಾನಿಸುವವರು ಈಗ ಯಾರೂ ಇಲ್ಲ.

ಸಾಸ್ ಗಟ್ಟಿಯಾದ ಮೇಲೆ ಅವ್ವ ಸೌಟಿನ ತುದಿಯಿಂದ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿದಳು. ಉಗುಳಿದಳು. ನನಗೂ ಕೊಟ್ಟಳು. ನಾಣ್ಯ ನೆಕ್ಕಿದ ಹಾಗಿತ್ತು. ಒಗರು, ಆಮೇಲೆ ಕಹಿ. ಅಂಚಿನಲ್ಲಿ ಆರಿ ಅಂಟಿಕೊಂಡಿದ್ದ ಸಾಸಿನ ಸುತ್ತ ಸಂಜೆಯ ಹೊತ್ತಿಗೆ ಹಸಿರು ಗೆರೆ ಎದ್ದಿತು. ಕಿಲುಬು. ಅವ್ವ ಹಿತ್ತಲಲ್ಲಿ ಗುಂಡಿ ತೋಡಿ ಅಷ್ಟನ್ನೂ ಸುರಿದು ಮಣ್ಣು ಮುಚ್ಚಿದಳು. ಕೋಳಿಯೂ ಕೆದಕಬಾರದೆಂದು ಮೇಲೆ ಕಲ್ಲು ಎಳೆದಳು.

"ಟಮೋಟನೇ ಸರಿ ಇಲ್ಲ ಕಣಮ್ಮಿ," ಎಂದಳು ಅಜ್ಜಿ. "ನಿನ್ ತಮ್ಮ ಗೊಬ್ರದ್ ಮೂಟೆ ಸುರ್ದು ಬೆಳೀತಾನೆ. ಕಯಿ ಆಗ್ದೆ ಇನ್ನೇನಾದಾತು?"

"ಟಮೋಟ ಸರಿಯಾಗೈತೆ ಅತ್ತೆ. ನೀವು ಉಜ್ಜಿ ಕಲಾಯಿ ತೆಗ್ದ್ಬುಟ್ಟಿದ್ದೀರಿ."

"ಕಿಟ್ಟ ತೆಗ್ದಿದ್ದೀನಿ. ನೀನ್ ಅತ್ಸಿದ್ ಕಿಟ್ಟವ."

ಅವ್ವ ವಾದ ಮಾಡಲಿಲ್ಲ. ಅವಳು ಮಾಡಿದ್ದಕ್ಕಿಂತ ಸರಳವಾದ ಪರೀಕ್ಷೆಯನ್ನು ನಾನು ಯಾವ ಪ್ರಯೋಗಶಾಲೆಯಲ್ಲೂ ಕಂಡಿಲ್ಲ. ತಪ್ಪಲೆಯ ತಳದ ಮೂಲೆಯಲ್ಲಿ ಅಜ್ಜಿಯ ಬೆರಳು ಹೋಗದ ಕಡೆ ಒಂದು ತುಂಡು ಬೂದಿ ಬಣ್ಣ ಉಳಿದಿತ್ತು. ಒಂದು ಟೊಮ್ಯಾಟೊವನ್ನು ಎರಡು ಹೋಳು ಮಾಡಿ, ಒಂದನ್ನು ಆ ತವರದ ಮೇಲೂ ಇನ್ನೊಂದನ್ನು ಹೊಳೆಯುವ ಹಳದಿಯ ಮೇಲೂ ಬೋರಲು ಹಾಕಿದಳು. ಬೆಳಿಗ್ಗೆ ಎತ್ತಿ ನೋಡಿದರೆ ಹಳದಿಯ ಮೇಲಿನ ಹೋಳಿನ ಸುತ್ತ ಹಸಿರು ಉಂಗುರ. ತವರದ ಮೇಲೆ ಏನೂ ಇಲ್ಲ. ತಪ್ಪಲೆಯನ್ನು ಹಾಗೇ ಎತ್ತಿಕೊಂಡು ಹೋಗಿ ಅಜ್ಜಿಯ ಮುಂದೆ ಇಟ್ಟಳು.

ಅಜ್ಜಿ ಬಗ್ಗಿ ನೋಡಿದಳು.

"ರಾತ್ರೆಲ್ಲ ಟಮೋಟ ಮಡಗಿದ್ರೆ ಎಲ್ಲಿ ಮಡಗಿದ್ರೂ ಕೊಳಿತದೆ" ಎಂದಳು. ಆಮೇಲೆ, ದನಿ ಏರಿಸದೆ, "ಇದು ನಮ್ಮಪ್ಪ ಕೊಟ್ಟದ್ದು. ಇದ್ಕೆ ಉಳಿ ಸೇರಿಸ್ಬ್ಯಾಡ. ಇನ್ ಮ್ಯಾಲೆ ಇದು ಅಟ್ಟದಿಂದ ಇಳಿಯಾಕಿಲ್ಲ" ಎಂದಳು.

ತಪ್ಪಲೆ ಇಲ್ಲದಿದ್ದರೆ ಸಾಸ್ ಇಲ್ಲ. ಬೇಕರಿಯವನಿಗೆ ಕೊಟ್ಟ ಮಾತೂ ಇಲ್ಲ. ಅವ್ವ ಅಡುಗೆಮನೆಗೆ ಹೋಗಿ ಮುಚ್ಚಳ ಒತ್ತುವ ಯಂತ್ರದ ಹಿಡಿಯನ್ನು ಸುಮ್ಮನೆ ಒತ್ತಿ ಬಿಟ್ಟಳು. ಕಟ್ ಎಂದಿತು. ಮತ್ತೊಮ್ಮೆ ಒತ್ತಿದಳು.

ಜಗಳ ಬಿಡಿಸಲು ಅಪ್ಪ ಒಂದು ದಾರಿ ಹುಡುಕಿದ. "ಅಳೇ ಇತ್ತಾಳೆ ತಕ್ಕೊಂಡು ದಪ್ಪ ತಳದ ಸ್ಟೀಲು ಕೊಡೋನು ಬತ್ತಾವ್ನೆ. ಕೊಟ್ಟು ಕಳ್ಸುವ. ಇಬ್ರಿಗೂ ನೆಮ್ದಿ" ಎಂದ. ಅಜ್ಜಿಯೂ ಅವ್ವನೂ ಒಟ್ಟಿಗೇ ಅವನ ಕಡೆ ತಿರುಗಿದರು.

"ಲೇ, ನಾನ್ ಸತ್ಮೇಕೆ ಮಾರ್ಕೊಳ್ಳಾ" ಎಂದಳು ಅಜ್ಜಿ.

"ಈ ಪಾತ್ರೆ ಮನೆ ಬುಟ್ಟು ವೋಗಾಕಿಲ್ಲ" ಎಂದಳು ಅವ್ವ.

ಅಪ್ಪ ಟವೆಲ್ ತೆಗೆದುಕೊಂಡು ನಾಲೆಗೆ ಹೋದ. ಅವತ್ತು ಮನೆಯಲ್ಲಿ ಬಿಸಿನೀರಿತ್ತು.

ಹಬ್ಬದ ಹಿಂದಿನ ದಿನ. ಅವ್ವ ಅಟ್ಟದಿಂದ ತಪ್ಪಲೆ ಇಳಿಸಿದಳು, ಅಜ್ಜಿ ಜಗುಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿರುವಾಗಲೇ, ಅವಳ ಎದುರಿಗೇ.

"ಎಲ್ಲಿಗಮ್ಮಿ?"

"ಪಟ್ಣಕ್ಕೆ." ನಮ್ಮ ಕಡೆ ಪಟ್ಣವೆಂದರೆ ಶ್ರೀರಂಗಪಟ್ಟಣ.

"ಯಾರ್ನ ಕೇಳ್ದೆ?"

"ಯಾರ್ನೂ ಕೇಳಿಲ್ಲ ಅತ್ತೆ. ಯೇಳ್ಬುಟ್ಟು ವೋಯ್ತಾ ಇದ್ದೀನಿ" ಎಂದ ಅವ್ವ ನನ್ನ ಕಡೆ ತಿರುಗಿ, "ಒಂದ್ ಹಿಡಿ ನೀನ್ ಇಡ್ಕ ಮಗ" ಎಂದಳು.

ಒಂದು ಹಿಡಿ ಅವಳು, ಒಂದು ಹಿಡಿ ನಾನು. ನಡುವೆ ತಪ್ಪಲೆ, ಬೀದಿಯ ಬಿಸಿಲೆಲ್ಲ ಅದರ ಮೇಲೆ. ಮುಚ್ಚಿಕೊಂಡು ಹೋಗೋಣ ಎಂದು ನಾನು ಗೋಣಿಚೀಲ ತಂದಿದ್ದೆ. ಅವ್ವ ಬೇಡವೆಂದಳು. "ಕದ್ಕೊಂಡು ವೋಯ್ತಾ ಇದ್ದೀವಾ?"

ಬಸ್ಸಿನಲ್ಲಿ ಅವಳು ಅದನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅವಳ ಮುಖ ಕಾಣುತ್ತಿರಲಿಲ್ಲ.

"ಏನಕ್ಕ, ಇದ್ಕೂ ಟಿಕೆಟ್ ಅರೀಲಾ?" ಎಂದ ಕಂಡಕ್ಟರು.

ತಪ್ಪಲೆಯ ಹಿಂದಿನಿಂದ ಅವ್ವನ ದನಿ ಬಂತು. "ತೊಡೆ ಮ್ಯಾಲಿರೋ ಮಗೀಗೆ ಟಿಕೆಟ್ ಕೇಳ್ತಾರೇನಪ್ಪ?"

ಬಸ್ಸು ನಕ್ಕಿತು. ತಂಗಿ ಪ್ರಕಾರ ನಾವು ಹೋದದ್ದು ರೈಲಿನಲ್ಲಿ. ಅವಳು ನಮ್ಮ ಜೊತೆ ಬಂದಿರಲೇ ಇಲ್ಲ. ಸ್ಟೇಷನ್ನು ಊರ ಹೊರಗಿದೆ, ಅಷ್ಟು ದೂರ ಹಿತ್ತಾಳೆ ಹೊತ್ತುಕೊಂಡು ಯಾರೂ ನಡೆಯುವುದಿಲ್ಲ. ಆದರೂ ಅವಳಿಗೆ ರೈಲೇ ನೆನಪು. ಇರಲಿ, ಅವಳ ತಪ್ಪಲೆ ರೈಲಿನಲ್ಲಿ ಹೋಗಲಿ.

ಕಲಾಯಿ ಸಾಬರ ಮನೆ ಕೋಟೆ ಗೋಡೆಯ ಹತ್ತಿರ ಒಂದು ಓಣಿಯಲ್ಲಿತ್ತು. ಮನೆಯ ಮುಂದೆಯೇ ಒಲೆ. ಅವರು ತಪ್ಪಲೆಯನ್ನು ತಿರುಗಿಸಿ ನೋಡಿ ಹಣೆ ಬಡಿದುಕೊಂಡರು.

"ತೋಬಾ! ಅಕ್ಕ, ಮೊನ್ನೆ ತಾನೆ ಹಾಕ್ಕೊಟ್ಟಿದ್ದೆ. ಯಾರು ಇದನ್ನ ಇಂಗೆ ಕೆರ್ದಿದ್ದು?"

"ನಮ್ಮತ್ತೆ."

"ಕೆರೀಲಿ ಬುಡಿ. ಎಲ್ರ ಅತ್ತೇರೂ ಇಂಗೇ ಕೆರುದ್ರೆ ನಮ್ಮನೇಲಿ ದಿನಾ ಬಿರಿಯಾನಿ."

ತಿದಿ ಒತ್ತುತ್ತಿದ್ದ ಅವರ ಹೆಂಡತಿ ತಲೆ ಎತ್ತದೆ ಹೇಳಿದರು, "ನಿಮ್ಮ ಅಮ್ಮೀಜಾನೂ ಇಂಗೇ ಕೆರೀತಿದ್ರು. ಅದನ್ನ ಯೇಳಿ ಅಕ್ಕಂಗೆ."

ಸಾಬರು ಕೇಳಿಸದವರಂತೆ ನವಸಾಗರ ಹುಡುಕಿದರು. ಅವ್ವ ನಕ್ಕಳು. ಆ ವಾರವೆಲ್ಲ ಅವಳು ನಕ್ಕದ್ದು ಅದೊಂದೇ ಸಲವಿರಬೇಕು. ಬಿಳಿ ಹೊಗೆ ಎದ್ದಿತು, ಕಣ್ಣು ಉರಿಯಿತು, ತವರದ ಕಡ್ಡಿ ತಾಕಿದ ಕಡೆಯೆಲ್ಲ ಹಳದಿ ಮುಳುಗಿ ಬೆಳ್ಳಗೆ ಹರಡಿತು.

ನಾವು ವಾಪಸು ಬಂದಾಗ ಜಗುಲಿಯಲ್ಲಿ ಅಕ್ಕಪಕ್ಕದ ಹೆಂಗಸರು ಕೂತಿದ್ದರು, ಹಬ್ಬದ ಮಾತಿಗೆ. ಅವ್ವ ಹಿತ್ತಲ ಬಾಗಿಲಿನಿಂದ ಹೋಗಬಹುದಿತ್ತು. ಹೋಗಲಿಲ್ಲ. ತಪ್ಪಲೆಯನ್ನು ತಂದು ಅಜ್ಜಿಯ ಮುಂದೆ, ಬಾಯಿ ಅವಳ ಕಡೆಗೆ ಬರುವಂತೆ ಮಗ್ಗುಲಾಗಿ ಇಟ್ಟಳು.

"ಅತ್ತೆ, ವೊರ್ಗಡೆ ನಿಮ್ದು. ನಿಮ್ಮಪ್ಪ ಕೊಟ್ಟದ್ದು, ನೀವು ಬೆಳಗಿ. ಊರೋರೆಲ್ಲ ಮುಖ ನೋಡ್ಕೊಳ್ಲಿ. ಒಳ್ಗಡೆ ನಂದು. ಮಂಕಾಗ್ಲಿ, ಕಪ್ಪಾಗ್ಲಿ, ಅದ್ಕೆ ನೀವು ಕೈ ಅಚ್ಬಾರ್ದು."

ಒಬ್ಬಾಕೆ ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುವುದನ್ನೇ ನಿಲ್ಲಿಸಿದಳು.

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆ ಹೆಂಗಸರ ಕಡೆ ತಿರುಗಿ, "ನೋಡ್ರವ್ವ, ಒಲ ಗದ್ದೆ ಪಾಲಾಗೋದ್ನ ನೋಡಿದ್ದೆ. ಈಯಮ್ಮ ಪಾತ್ರೇನೂ ಪಾಲ್ ಮಾಡ್ಬುಟ್ಳಲ್ಲ!" ಎಂದಳು.

"ಗಡಿ ಕಲ್ಲು ಎಲ್ಲಿ ನೆಡೋದು?" ಎಂದು ಒಳಗಿನಿಂದ ಅಪ್ಪ ಕೇಳಿದ.

"ಕಂಠದ ಮ್ಯಾಲೆ" ಎಂದಳು ಅವ್ವ. ಅವಳು ನಗುತ್ತಿರಲಿಲ್ಲ.

ಹಬ್ಬದ ಮಾರನೆಯ ದಿನ ಮತ್ತೆ ಮಂಕರಿ ಬಂತು. ಅಪ್ಪ ಮತ್ತೆ ನಾಲೆಗೆ ಹೋದ. ಸಾಸ್ ಕುದಿಯಿತು. ಅವ್ವ ತಟ್ಟೆಯ ಮೇಲೆ ಹನಿ ಹಾಕಿ, ಸುತ್ತ ನೀರು ಬಿಡುವುದಿಲ್ಲ ಎಂದು ನೋಡಿದ ಮೇಲೆ ಬಿಸಿ ಬಾಟಲಿಗೆ ಬಿಸಿ ಸಾಸ್ ಸುರಿದಳು. ಕಟ್, ಕಟ್ ಎಂದು ಮುಚ್ಚಳ ಒತ್ತುವ ಸದ್ದು ಜಗುಲಿಯವರೆಗೆ ಕೇಳುತ್ತಿತ್ತು. ಹಬ್ಬದ ಹೊತ್ತಿಗೆ ಎಂದದ್ದು ಎರಡು ದಿನ ತಡವಾಗಿತ್ತು. ಬೇಕರಿಯವನು ಅದನ್ನು ಎತ್ತಿ ಆಡಿದ, ಬಾಟಲಿ ಇಟ್ಟುಕೊಂಡ. ಅವ್ವ ಕ್ಷಮೆ ಕೇಳಲಿಲ್ಲ. "ಪಾತ್ರೆ ರಿಪೇರಿಗೆ ವೋಗಿತ್ತು" ಎಂದಳು, ಟ್ರಾಕ್ಟರು ರಿಪೇರಿಗೆ ಹೋಗಿತ್ತು ಎನ್ನುವವರ ಹಾಗೆ.

ಇಲ್ಲಿಗೆ ನಿಲ್ಲಿಸಿದರೆ ಒಪ್ಪವಾಗಿರುತ್ತದೆ. ಅಜ್ಜಿ ಗಡಿ ಒಪ್ಪಿದಳು, ಮನೆಯಲ್ಲಿ ಶಾಂತಿ. ನಂಬಬೇಡಿ. ಮುಂದಿನ ವರ್ಷದ ಗೌರಿ ಹಬ್ಬಕ್ಕೆ ಅಜ್ಜಿ ಹೊರಮೈಯನ್ನು ಉಜ್ಜುತ್ತ ಉಜ್ಜುತ್ತ ಕಂಠ ದಾಟಿ ಒಳಗೆ ಒಂದು ಹೆಬ್ಬೆರಳಿನಷ್ಟು ಜಾಗವನ್ನು ಹಳದಿ ಮಾಡಿಟ್ಟಳು. ಬೇಕೆಂದೇ. ಅಷ್ಟೇ ಜಾಗ, ಹೆಚ್ಚಿಲ್ಲ. ಅವ್ವ ಅದನ್ನು ನೋಡಿದಳು, ತಪ್ಪಲೆ ಎತ್ತಿಕೊಂಡು ಪಟ್ಣದ ಬಸ್ಸು ಹತ್ತಿದಳು. ಅದರ ಮುಂದಿನ ವರ್ಷವೂ ಹಾಗೇ. ಅಜ್ಜಿ ಇರುವವರೆಗೂ ಪ್ರತಿ ಹಬ್ಬಕ್ಕೆ ಅವಳ ಹೆಬ್ಬೆರಳು ಗಡಿ ದಾಟುತ್ತಿತ್ತು, ಅವ್ವ ಬಸ್ಸು ಹತ್ತುತ್ತಿದ್ದಳು. ಒಬ್ಬರೂ ಸೋಲಲಿಲ್ಲ. ಅವರ ನಡುವೆ ಪ್ರೀತಿ ಇತ್ತೇ ಎಂದು ಕೇಳುವವರಿಗೆ ಇಷ್ಟು ಹೇಳುತ್ತೇನೆ. ಅಜ್ಜಿ ಸಾಸನ್ನು ಬಜ್ಜಿಗೆ ಹಚ್ಚಿಕೊಂಡು ತಿಂದು ಪ್ರತಿ ಸಲವೂ "ಉಳಿ ಜಾಸ್ತಿ" ಎನ್ನುತ್ತಿದ್ದಳು. ಇನ್ನೊಂದು ಬಜ್ಜಿಗೆ ಕೈ ಚಾಚುತ್ತಿದ್ದಳು. ಇದರಿಂದ ನಿಮಗೆ ಬೇಕಾದ ಅರ್ಥ ತೆಗೆದುಕೊಳ್ಳಿ, ನಾನು ತೆಗೆದುಕೊಡುವುದಿಲ್ಲ.

ಅಜ್ಜಿ ತೀರಿಕೊಂಡ ವರ್ಷ ತಪ್ಪಲೆ, ಅವಳು ಕೊನೆಯ ಹಬ್ಬಕ್ಕೆ ಉಜ್ಜಿದ ಹೆಬ್ಬೆರಳಗಲದ ಹಳದಿಯೊಂದಿಗೇ ಉಳಿಯಿತು. ಆ ಸಲ ಅವ್ವ ಬಸ್ಸು ಹತ್ತಲಿಲ್ಲ. ಸಾಸನ್ನು ಆ ಹಳದಿಗಿಂತ ನಾಲ್ಕು ಬೆರಳು ಕೆಳಗೇ ನಿಲ್ಲಿಸಿ ಕುದಿಸಿದಳು. ಮುಂದೆ ಕಲಾಯಿ ಹಾಕಿಸುವಾಗಲೂ ಅಷ್ಟು ಜಾಗ ಬಿಟ್ಟೇ ಹಾಕಿಸಿದಳು. ಯಾಕೆ ಎಂದು ಸಾಬರು ಕೇಳಿದ್ದಕ್ಕೆ "ಅದು ನಮ್ಮತ್ತೇದು" ಎಂದಳಂತೆ. ಇದನ್ನು ಹೇಳಿದವಳು ತಂಗಿ. ಆದ್ದರಿಂದ ನನಗೆ ಅನುಮಾನವಿದೆ. ಹಳದಿ ಪಟ್ಟಿ ಮಾತ್ರ ಇದೆ, ಮುಟ್ಟಿ ನೋಡಬಹುದು.

ಮಣಿಕಟ್ಟು ಹಿಡಿಸಿಕೊಂಡ ನನ್ನ ಸಂಬಂಧಿಕಳು ಮುಖ ಊದಿಸಿಕೊಂಡಳು. "ಒಂದು ಪಾತ್ರೆ ತೊಳೆಯೋಕೆ ಹೋದ್ರೆ ಇಷ್ಟು ರಂಪ" ಎಂದಳು.

ನಾನು ಅವಳಿಗೆ ನಿಂಬೆಹಣ್ಣು ಕೊಟ್ಟೆ. ತಪ್ಪಲೆಯನ್ನು ಬೋರಲು ಹಾಕಿ ಕೊಟ್ಟೆ.

"ಹೊರಗೆ ಉಜ್ಜು. ಎಷ್ಟು ಬೇಕಾದರೂ ಉಜ್ಜು" ಎಂದೆ.

ಅವಳು ಕೂತು ಉಜ್ಜತೊಡಗಿದಳು. ನಾನು ಎದುರಿಗೇ ಕೂತು ಟೊಮ್ಯಾಟೊ ತೊಳೆಯತೊಡಗಿದೆ, ಅವಳ ಬೆರಳು ಕಂಠದ ಹತ್ತಿರ ಬಂದಾಗಲೆಲ್ಲ ನೋಡುತ್ತ.